ಪ್ರೊಗ್ರೆಸಿವ್ ರಾಕ್ ಪ್ರಸಂಗ

ಅರ್ಜಿಯಲ್ಲಿ ಒಂದು ಚೌಕ ಖಾಲಿ ಉಳಿಯದಿದ್ದರೆ ಸುಮಂತನ ಆ ಶನಿವಾರವೂ ಉಳಿದ ಶನಿವಾರಗಳ ಹಾಗೆ ಕನ್ನಡಕ ಒರೆಸುವುದರಲ್ಲೇ ಕಳೆದುಹೋಗುತ್ತಿತ್ತು.

ಶಿರಸಿ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಕನ್ನಡಕದಂಗಡಿ. ಅದರ ಅಟ್ಟದ ಮೇಲೆ ಏಳು ವರ್ಷದಿಂದ ‘ತಂಬುಳಿ’ ಎಂಬ ಬ್ಯಾಂಡು. ಸುಮಂತನದು ಎಲೆಕ್ಟ್ರಿಕ್ ಗಿಟಾರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಅಭಿಜ್ಞಾಳದು ಹಾಡು ಮತ್ತು ಹಾರ್ಮೋನಿಯಂ. ದಾಸನಕೊಪ್ಪದ ಪವನ್‌ನದು ಮದ್ದಳೆ, ಡೊಳ್ಳು, ಮತ್ತೆ ಕೈಗೆ ಸಿಕ್ಕಿದ್ದೆಲ್ಲ. ಇವರ ಹಾಡು ಭಜನೆಯಾಗಿ ಶುರುವಾಗಿ, ನಡುವೆ ಯಕ್ಷಗಾನದ ಏರುಪದ್ಯವಾಗಿ, ಗಿಟಾರಿನ ಕಿರುಚಾಟವನ್ನು ಹಾದು, ಡೊಳ್ಳಿನಲ್ಲಿ ಮುಗಿಯುತ್ತಿತ್ತು. ಮುಗಿದರೆ! ಏಳು ವರ್ಷದಲ್ಲಿ ಅವರಿಗೆ ಸಿಕ್ಕ ವೇದಿಕೆ ಒಂದೇ, ಸುಮಂತನ ಚಿಕ್ಕಪ್ಪನ ಮಗನ ಉಪನಯನ. ಅಲ್ಲಿಯೂ ವಟುವಿಗೆ ಮಂತ್ರ ಕೇಳಿಸುತ್ತಿಲ್ಲವೆಂದು ಪುರೋಹಿತರು ಹತ್ತೇ ನಿಮಿಷಕ್ಕೆ ಕೈಮುಗಿದಿದ್ದರು.

ಈಗ ಹುಬ್ಬಳ್ಳಿಯಲ್ಲಿ ಬ್ಯಾಂಡುಗಳ ದೊಡ್ಡ ಮೇಳ. ಫ್ಯೂಜನ್ ವಿಭಾಗ ಎಂದೋ ಭರ್ತಿಯಾಗಿತ್ತು. ಪ್ರೊಗ್ರೆಸಿವ್ ರಾಕ್ ವಿಭಾಗದಲ್ಲಿ ಮಾತ್ರ ಒಂದು ಜಾಗ ಉಳಿದಿತ್ತು, ಕೇಳುವವರು ಯಾರೂ ಇರಲಿಲ್ಲ. ಸಂಜೆ ಐದರೊಳಗೆ ಅರ್ಜಿ ಹೋಗಬೇಕು. ಆದರೆ ಬ್ಯಾಂಡು ಆ ವಿಭಾಗಕ್ಕೇ ಸೇರಿದ್ದೆಂದು ಪ್ರಶಸ್ತಿ ಪಡೆದ ಸ್ಥಳೀಯ ಕಲಾವಿದರೊಬ್ಬರ ಪತ್ರ ಬೇಕಂತೆ. ಖಾಲಿ ಉಳಿದ ಚೌಕ ಅದು.

“ಈ ಸಲಾನೂ ಸ್ಟೇಜ್ ಸಿಗಲಿಲ್ಲಂದ್ರ ನಾ ಮದಿವಿ ಆರ್ಕೆಸ್ಟ್ರಾ ಸೇರಾಂವ ನೋಡಣ್ಣ,” ಅಂದ ಪವನ್. “ಏಳು ವರ್ಷ ನಿಮ್ಮ ಅಟ್ಟದ ಹಲ್ಲಿಗಳಿಗೆ ಬಾರಿಸಿದ್ದು ಸಾಕು.”

ಪವನ್ ಹೋದರೆ ತಂಬುಳಿ ಹೋಯಿತು. ತಂಬುಳಿ ಹೋದರೆ ಸುಮಂತನಿಗೆ ಉಳಿಯುವುದು ಬರೀ ಕನ್ನಡಕ.

ಪಕ್ಕದ ಬಟ್ಟೆಯಂಗಡಿಯ ಶಿವಲಿಂಗಪ್ಪ ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು ಬಂದ. ಊರಿನವರ ತಾಪತ್ರಯವೆಂದರೆ ಅವನಿಗೆ ಬಿಸಿ ಮಂಡಕ್ಕಿಯಿದ್ದಂತೆ, ಬಿಟ್ಟಿರಲಾರ. “ಪ್ರೊಗ್ರೆಸಿವ್ ರಾಕ್ ಅಂದ್ರ ಏನ್ರೀ ಅದು?”

“ರಾಕ್ ಸಂಗೀತವೇ. ಆದ್ರೆ ಒಂದೇ ತಾಳದಲ್ಲಿ ನಿಲ್ಲೂದಿಲ್ಲ, ನಡುವೆ ಬೇರೆ ಬೇರೆ ಸಂಗೀತ ಬೆರೀತದೆ, ಒಂದೊಂದು ಹಾಡು ಇಪ್ಪತ್ತು ನಿಮಿಷ,” ಎಂದಳು ಅಭಿಜ್ಞಾ.

“ಹಂಗಾರ ಅದು ರಾಕ್ ಅಲ್ರೀ, ಎಲ್ಲಾ ಕಲಸಿದ ಮಿಸಳ್ ಭಾಜಿ. ಇರ್ಲಿ, ಸಿದ್ದಾಪುರದಾಗ ನಾಗಪತಿ ಮಾಸ್ತರ್ ಅದಾರಲ್ಲ, ಪ್ರಶಸ್ತಿ ಬಂದಾವ. ನಡೀರಿ, ನಂಗೂ ಅಲ್ಲೆ ಸ್ವಲ್ಪ ಕೆಲಸೈತಿ.” ಏನು ಕೆಲಸವೆಂದು ಅವನು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಗಿಟಾರು, ಮದ್ದಳೆ, ಶಿವಲಿಂಗಪ್ಪ, ಎಲ್ಲವೂ ಕಾರಿಗೆ ಏರಿದವು.

ನಾಗಪತಿ ಮಾಸ್ತರರು ನಿವೃತ್ತ ಶಿಕ್ಷಕರು, ಹೆಸರುವಾಸಿ ತಾಳಮದ್ದಳೆ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತು ಮಾತಿನಲ್ಲೇ ಯುದ್ಧ. ಆ ಯುದ್ಧದಲ್ಲಿ ಮಾಸ್ತರರು ನಲವತ್ತು ವರ್ಷದಿಂದ ಸೋತವರಲ್ಲ. ಹಾಗೆ ನೋಡಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರೂ ತಾಲೂಕುಗಳಲ್ಲಿ ಬಸ್ಸು ಯಾಕೆ ತಡವಾಯಿತು ಎಂಬುದಕ್ಕೂ ಎರಡು ಪಕ್ಷ ಹುಟ್ಟಿ ವಾದವಾಗುತ್ತದೆ. ಮಾಸ್ತರರು ಅದರಲ್ಲಿ ಸ್ವಲ್ಪ ಹೆಚ್ಚು, ಅಷ್ಟೆ.

ಅವರು ಇವರ ಹಾಡನ್ನು ಜಗಲಿಯಲ್ಲಿ ಕೂತು ಪೂರ್ತಿ ಕೇಳಿದರು. ಅಭಿಜ್ಞಾಳಿಂದ ಪ್ರೊಗ್ರೆಸಿವ್ ರಾಕಿನ ಲಕ್ಷಣಗಳನ್ನೆಲ್ಲ ಕೇಳಿ ಬರೆದುಕೊಂಡರು. ಸುಮಂತ ಪೆನ್ನು ಮುಂದೆ ಹಿಡಿದ.

“ತಡಿ ತಮಾ,” ಎಂದರು ಮಾಸ್ತರರು, ‘ನಾನು’ ಎಂಬುದಕ್ಕೆ ‘ಆನು’ ಎನ್ನುವ ತಮ್ಮ ಹವ್ಯಕ ಕನ್ನಡದಲ್ಲಿ. “ಎದುರು ಪಕ್ಷ ಕೇಳ್ದೇ ಆನು ಯಾವ್ದಕ್ಕೂ ಸಹಿ ಹಾಕದಿಲ್ಲೆ. ವಾದ ಆಗ್ಲಿ. ಇದು ಪ್ರೊಗ್ರೆಸಿವ್ ರಾಕ್ ಹೌದು ಹೇಳ ಪಕ್ಷ ಆನು ವಹಿಸ್ತೆ. ಅಲ್ಲ ಹೇಳದು ನೀನು. ಯಾವ್ದು ಗೆಲ್ತೋ ಅದ್ನೇ ಬರ್ದು ಕೊಡ್ತೆ.”

“ಆನಾ? ಬ್ಯಾಂಡು ಯಂದೇ ಮಾರಾಯ್ರೆ!”

“ಹಂಗಾಗಿಯೇ ಹೇಳಿದ್ದು. ಅದ್ರ ದೋಷ ನಿಂಗೆ ಗೊತ್ತಿದ್ದಷ್ಟು ಬೇರೆ ಯಾರಿಗೆ ಗೊತ್ತಿದ್ದು?”

ಅಭಿಜ್ಞಾ ಅವನನ್ನು ಕಂಬದ ಹಿಂದಕ್ಕೆ ಎಳೆದಳು. “ಸುಮಂತಣ್ಣ, ಒಳ್ಳೇದೇ ಆತು. ಸೋತ್ರೆ ಸೈ, ಪತ್ರ ಕೈಗೆ ಬತ್ತು. ಬಾಯಿ ಮುಚ್ಚಿ ಕೂತ್ರೂ ಸೋಲ್ಲಾಗ್ತು.”

“ಅದೆಂತ ದೊಡ್ಡ ವಿಷ್ಯ,” ಎಂದ ಸುಮಂತ. “ಹುಟ್ಟಿದಾಗಿಂದ ಆನು ಅದ್ನೇ ಮಾಡ್ತಾ ಇದ್ದಿ.”

ಪಕ್ಕದ ಮನೆಯಲ್ಲಿ ಅಂದು ಗೃಹಪ್ರವೇಶ. ಯಲ್ಲಾಪುರದ ಕಡೆಯ ನೆಂಟರು ಹೋಳಿಗೆ ಊಟ ಮುಗಿಸಿ, ಎಲೆಯಡಿಕೆಯ ಕವಳ ಹಾಕಿ, ಇನ್ನೇನು ಒರಗಬೇಕು ಎನ್ನುವಷ್ಟರಲ್ಲಿ ಶಿವಲಿಂಗಪ್ಪ ಬೇಲಿಯಾಚೆಯಿಂದ ಕೂಗಿದ. “ಬರ್ರಿ ಬರ್ರಿ, ಮಾಸ್ತರ್ ವಾದಕ್ಕ ಕುಂದ್ರಾಕತ್ತಾರ!” ನಿದ್ದೆ ಎಲ್ಲಿ ಹೋಯಿತೋ! ಹತ್ತು ನಿಮಿಷದಲ್ಲಿ ನಲವತ್ತು ಜನ ಅಂಗಳದಲ್ಲಿ ಚಾಪೆ ಹಾಸಿದ್ದರು.

ಮಾಸ್ತರರು ಗಂಟಲು ಸರಿಮಾಡಿಕೊಂಡು ಗ್ರಾಂಥಿಕ ಕನ್ನಡಕ್ಕೆ ಇಳಿದರು. “ಎಲೈ ಪ್ರತಿವಾದಿಯೇ! ಭಜನೆಯಿಂದ ಹೊರಟು, ಏರುಪದ್ಯವನ್ನು ದಾಟಿ, ಡೊಳ್ಳನ್ನು ಮುಟ್ಟುವ ಈ ಗಾನವು ಹೆಜ್ಜೆಹೆಜ್ಜೆಗೂ ತಾಳವನ್ನು ಮುರಿದು ಕಟ್ಟುತ್ತದೆ. ಪ್ರೊಗ್ರೆಸಿವ್ ರಾಕ್ ಎಂಬುದಕ್ಕೆ ಬೇರೆ ಲಕ್ಷಣ ಬೇಕೆ?”

“ಬೇಡ. ನೀವು ಹೇಳಿದ್ದೇ ಸರಿ,” ಎಂದ ಸುಮಂತ.

ನೆಂಟರಲ್ಲಿ ಗೊಣಗಾಟ ಎದ್ದಿತು. ಒಬ್ಬರು ಆಕಳಿಸಿದರು. ಮಾಸ್ತರರು ಇನ್ನೊಂದು ಮಾತು ಎಸೆದರು, ಸುಮಂತ ಅದಕ್ಕೂ ತಲೆಯಾಡಿಸಿದ. ಮತ್ತೊಂದು ಎಸೆದರು, ಅದಕ್ಕೂ ಹೂಂ. ಅರ್ಧ ಗಂಟೆ ಹೀಗೇ ನಡೆಯಿತು. ಪವನ್ ಗಡಿಯಾರ ನೋಡಿ ನಕ್ಕ, ಅಭಿಜ್ಞಾ ಹೆಬ್ಬೆಟ್ಟು ಎತ್ತಿ ತೋರಿಸಿದಳು. ಗೆದ್ದಾಗಿತ್ತು, ಅಂದರೆ ಸೋತಾಗಿತ್ತು.

ಆದರೆ ಎದುರಾಳಿಯಿಲ್ಲದ ಗೆಲುವು ಮಾಸ್ತರರಿಗೆ ಉಪ್ಪಿಲ್ಲದ ಊಟ. ಅವರು ಸಭೆಯ ಕಡೆ ತಿರುಗಿದರು. “ಸಭಾಸದರೇ, ಇವನದು ತಪ್ಪಲ್ಲ. ಇವನ ಅಜ್ಜನೂ ನನ್ನ ಗುರುಗಳೆದುರು ಕೂತು, ಬರೀ ಹೂಂಗುಟ್ಟಿಯೇ ಪ್ರಸಂಗ ಮುಗಿಸಿದವನು. ಆ ಮನೆಯವರಿಗೆ ದೇವರು ನಾಲಿಗೆ ಕೊಟ್ಟದ್ದು ಊಟಕ್ಕೆ ಮಾತ್ರ!”

ನಲವತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಮಂತನ ಕಿವಿ ಕಾಯಿತು. ಅಜ್ಜ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅರ್ಥ ಹೇಳಿಕೊಟ್ಟವರು. ಬೇಡ ಬೇಡವೆಂದು ಅಭಿಜ್ಞಾ ದೂರದಿಂದ ಕೈಯಾಡಿಸುತ್ತಿದ್ದಳು. ಅವನಿಗೆ ಅದು ಕಾಣಲಿಲ್ಲ.

“ಸ್ವಾಮೀ!” ಎಂದು ಅವನು ಮೊಣಕಾಲ ಮೇಲೆ ಎದ್ದ. “ತಾಳ ಮುರಿದು ಕಟ್ಟುತ್ತದೆ ಎಂದಿರಲ್ಲ? ಅದು ಮುರಿಯುವುದಲ್ಲ, ನನ್ನ ಕೈ ತಪ್ಪುವುದು! ತಪ್ಪಿದ ಕೂಡಲೇ ಈ ಪವನ್ ಮದ್ದಳೆ ಹಿಡಿದು ಓಡಿಬಂದು ಸರಿಮಾಡುತ್ತಾನೆ. ನೀವು ಅದನ್ನೇ ಪ್ರೊಗ್ರೆಸಿವ್ ಎನ್ನುತ್ತೀರಿ!”

ಅಂಗಳ ಒಮ್ಮೆಲೇ ಎಚ್ಚೆತ್ತಿತು. ಮಾಸ್ತರರ ಕಣ್ಣು ಹೊಳೆಯಿತು. “ಹಾಗೋ? ಇಪ್ಪತ್ತು ನಿಮಿಷದ ಹಾಡಿಗೆ ಏನೆನ್ನುತ್ತೀ?”

“ನಮ್ಮ ಯಕ್ಷಗಾನದ ಆಟದಲ್ಲಿ ರಾಕ್ಷಸನೊಬ್ಬ ರಂಗಕ್ಕೆ ಬರುವುದಕ್ಕೇ ಅರ್ಧ ಗಂಟೆ ಬೇಕು. ಅದನ್ನೂ ರಾಕ್ ಅನ್ನುವಿರಾ?”

“ಭಲೆ! ಆದರೆ ಆ ಗಿಟಾರು? ಅದು ರಾಕಿನ ವಾದ್ಯವಲ್ಲವೇ?”

“ಗಿಟಾರು!” ಸುಮಂತ ಈಗ ನೆಲದ ಮೇಲೆ ಇರಲಿಲ್ಲ. “ಅದು ಸಾರಿನೊಳಗಿನ ಕರಿಬೇವು, ಸ್ವಾಮೀ. ಎಲ್ಲರೂ ಬಾಳೆಲೆಯ ತುದಿಗೆ ಎತ್ತಿಟ್ಟು ಊಟ ಮುಂದುವರಿಸುತ್ತಾರೆ. ತೆಗೆದು ನೋಡಿ, ತಂಬುಳಿಯ ರುಚಿ ಹೆಚ್ಚೀತೇ ಹೊರತು ಕಡಿಮೆಯಾಗದು!”

“ಹಾಗಿದ್ದರೆ ಏಳು ವರ್ಷದಿಂದ ಅದನ್ನು ಬಾರಿಸುತ್ತಿರುವುದು ಯಾಕೆ?”

“ಯಾಕೆಂದರೆ ಅಟ್ಟ ನನ್ನದು! ಅದಕ್ಕಾಗಿ ಇವರಿಬ್ಬರೂ ಗಿಟಾರನ್ನು ಸಹಿಸಿಕೊಂಡಿದ್ದಾರೆ!”

ಮಾಸ್ತರರು ಲಕ್ಷಣಗಳ ಚೀಟಿಯನ್ನು ತಿರುವಿ ನೋಡಿ ಮಡಚಿಟ್ಟರು. ಯಲ್ಲಾಪುರದ ಹಿರಿಯರೊಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅಂಗಳವೆಲ್ಲ ತಟ್ಟಿತು. ಮಾಸ್ತರರು ಬಂದು ಸುಮಂತನನ್ನು ತಬ್ಬಿಕೊಂಡರು. “ನಲವತ್ತು ವರ್ಷದಾಗೆ ಯನ್ನ ಬಾಯಿ ಕಟ್ಟಿದವ ನೀನೊಬ್ನೇಯ ತಮಾ! ನಿನ್ನ ಅಜ್ಜಂಗೆ ಸಂದ ಗೆಲುವು ಇದು.”

ಎರಡು ನಿಮಿಷ ಸುಮಂತನಿಗೆ ತಾನು ಹುಟ್ಟಿದ್ದೇ ಸಾರ್ಥಕ ಅನ್ನಿಸಿತು. ಆಮೇಲೆ ಪವನ್‌ನ ಮುಖ ಕಂಡಿತು.

“ಅಣ್ಣಾ,” ಅಂದ ಪವನ್ ಸಣ್ಣಗೆ, “ನಾವು ಸೋಲಾಕ ಬಂದಿದ್ವಿ.”

ಸುಮಂತ ಮಾಸ್ತರರ ಕಾಲಿಗೇ ಬಿದ್ದ. ತಾನು ಹೇಳಿದ್ದೆಲ್ಲ ಸುಳ್ಳು, ಬ್ಯಾಂಡು ಅಪ್ಪಟ ಪ್ರೊಗ್ರೆಸಿವ್ ರಾಕು ಎಂದು ಗೋಗರೆದ. ಗೆದ್ದ ಮಾತನ್ನು ತಿರುಗಿಸಿ ಬರೆದರೆ ಕಲೆಗೇ ದ್ರೋಹ ಎಂದು ಮಾಸ್ತರರು ಮುತ್ತಿನಂಥ ಅಕ್ಷರದಲ್ಲಿ ಬರೆದೇಬಿಟ್ಟರು: ಇದು ಪ್ರೊಗ್ರೆಸಿವ್ ರಾಕ್ ಅಲ್ಲ, ಗಿಟಾರನ್ನು ತೆಗೆದರೆ ಶುದ್ಧ ಜಾನಪದ.

ಗಂಟೆ ನಾಲ್ಕೂವರೆ. ಬೇರೆ ದಾರಿ ಕಾಣದೆ ಅಭಿಜ್ಞಾ ಹುಬ್ಬಳ್ಳಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟು, ಪತ್ರವನ್ನು ಓದಿ ಹೇಳಿದಳು.

“ಛಲೋ ಆತು ಬಿಡ್ರಿ!” ಎಂದಿತು ಆ ಕಡೆಯ ಹೆಣ್ಣುದನಿ. “ಜಾನಪದ ವಿಭಾಗದಾಗ ಈಗ ಒಂದು ತಂಡ ಹಿಂದ ಸರದೈತಿ. ಮೂರು ಮಂದಿ ಇರಬೇಕು, ಕರೆಂಟಿನ ವಾದ್ಯ ನಡಿಯಂಗಿಲ್ಲ. ಗಿಟಾರ್ ಇಲ್ದ ಹಾಡ್ತೀರೇನು?”

ಅಭಿಜ್ಞಾ ಸುಮಂತನನ್ನು ನೋಡಿದಳು. ನಲವತ್ತು ಜನವೂ ನೋಡಿದರು.

“ಹಾಡ್ತಾರ್ರಿ!” ಶಿವಲಿಂಗಪ್ಪನೇ ಉತ್ತರ ಕೊಟ್ಟ. “ಗಿಟಾರ್ ಬ್ಯಾಡಂತ ಅದನ್ನ ಬಾರ್ಸೋರ ಈಗಷ್ಟ ಸಾಧಿಸಿ ತೋರಿಸ್ಯಾರ.”

“ತಾಳ!” ಸುಮಂತ ಮುಳುಗುವವನ ಹಾಗೆ ಕೈ ಎತ್ತಿದ. “ಮೂರನೆಯವ ಆನು. ತಾಳ ಹಾಕ್ತೆ.”

“ತಾಳ ತಪ್ಪದು ನಿನ್ನ ಕೈಯೇ ಹೇಳಿ ನೀನೇ ಸಭೆ ಮುಂದೆ ಹೇಳಿದ್ದೆ ಅಲ್ದನಾ?” ಎಂದರು ಮಾಸ್ತರರು ಮೆಲ್ಲಗೆ. ಆಮೇಲೆ ಶಾಲನ್ನು ಹೆಗಲಿಗೆ ಸರಿಮಾಡಿಕೊಂಡರು. “ತಾಳಕ್ಕೆ ಆನು ಬತ್ತೆ.”

ಐದಕ್ಕೆ ಐದು ನಿಮಿಷವಿರುವಾಗ ಫೋನಿನಲ್ಲೇ ಅರ್ಜಿ ಹೋಯಿತು, ಐದೂ ಕಾಲಿಗೆ ಒಪ್ಪಿಗೆ ಬಂತು. ಪವನ್ ಅಂಗಳದಲ್ಲೇ ಕುಣಿದ, ನಡುವೆ ನಿಂತು “ಅಣ್ಣಾ, ಸಿಟ್ಟಾಗಬ್ಯಾಡ್ರಿ,” ಎಂದು ಮತ್ತೆ ಕುಣಿದ. ಅಭಿಜ್ಞಾಳ ಕಣ್ಣಲ್ಲಿ ನೀರಿತ್ತು, ಆದರೆ ಅವಳು ನಗುತ್ತಿದ್ದಳು. ಸುಮಂತನಿಗೂ ಅವರ ಮೇಲೆ ಸಿಟ್ಟು ಬರಲಿಲ್ಲ, ಅಳು ಮಾತ್ರ ಬಂತು.

“ಆನು ಹೇಳಿದ್ದೆಲ್ಲ ಬರೀ ವಾದಕ್ಕೆ ಮಾರಾಯ್ರೆ!” ಎಂದ ಕೊನೆಗೆ. “ಬ್ಯಾಂಡು ಕಟ್ಟಿದವ ಆನು. ಯನ್ನ ಬಿಟ್ಟು ಹೋಪದು ನ್ಯಾಯವಾ?”

ಮಾಸ್ತರರು ಗಂಭೀರವಾಗಿ ಯೋಚಿಸಿದರು. “ಇದೂ ಒಂದು ಪ್ರಶ್ನೆಯೇ ಸೈ. ವಾದ ಆಗ್ಲಿ. ಸುಮಂತ ಬ್ಯಾಂಡಿಗೆ ಬೇಕೇ ಬೇಕು ಹೇಳ ಪಕ್ಷ ಆನು ವಹಿಸ್ತೆ. ಬ್ಯಾಡ ಹೇಳದು ನೀನು.”

ಹೊರಟಿದ್ದ ಯಲ್ಲಾಪುರದ ನೆಂಟರು ಚಾಪೆಗಳನ್ನು ಮತ್ತೆ ಬಿಡಿಸತೊಡಗಿದರು. ಸುಮಂತ ಗಿಟಾರನ್ನು ಎತ್ತಿ ಕಾರಿನೊಳಗೆ ಹಾಕಿ, ಬಾಗಿಲು ಮುಚ್ಚಿ, ಎರಡೂ ಕೈ ಮುಗಿದ.

“ಬ್ಯಾಡ ಮಾಸ್ತರೆ,” ಎಂದ. “ಆನು ಮತ್ತೆ ಗೆದ್ದುಬಿಡ್ತೆ.”