ಇಳಿದ ದೊಡ್ಡ ಅಳತೆ

ಅವನು ತೆಳ್ಳಗಾಗುತ್ತಿರುವ ಸಂಗತಿ ಗೊತ್ತಿದ್ದದ್ದು ಅವನಿಗೆ, ಅವನ ಹೆಂಡತಿಗೆ ಮತ್ತು ಡಾಕ್ಟರಿಗೆ. ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಯ ಹಿಂದೆ ಪೆನ್ನಿನ ಹಾಗೆ ಮಲಗಿದ್ದ ಇಂಜೆಕ್ಷನ್ನಿಗೂ ಗೊತ್ತಿತ್ತು ಅನ್ನಬಹುದು. ಸಕ್ಕರೆ ಕಾಯಿಲೆಗೂ ಮಂಡಿ ನೋವಿಗೂ ಸೇರಿಸಿ ಡಾಕ್ಟರು ಬರೆದುಕೊಟ್ಟದ್ದು. ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಂಡರೆ ಆಯಿತು, ಹಸಿವೆಂಬುದು ಬಾಡಿಗೆ ಮನೆ ಖಾಲಿ ಮಾಡಿದವರ ಹಾಗೆ ಹೇಳದೆ ಕೇಳದೆ ಹೊರಟುಹೋಗುತ್ತಿತ್ತು.

ಮೊದಲು ಮುಖ ಇಳಿಯಿತು. ಆಮೇಲೆ ಉಂಗುರ ಸೋಪಿನ ನೊರೆಯ ಜೊತೆ ಜಾರಿ ಬಚ್ಚಲಿನ ದಾರಿ ಹಿಡಿಯಿತು. ವಾಚು ಮಣಿಕಟ್ಟಿನಿಂದ ಮೊಣಕೈಯವರೆಗೆ ಓಡಾಡತೊಡಗಿತು. ಗಲ್ಲದ ಕೆಳಗಿನ ಚರ್ಮ ಮಾತ್ರ, ಒಳಗಿದ್ದವರು ಹೋದದ್ದು ತಿಳಿಯದೆ, ಹಳೇ ಪರದೆಯಂತೆ ನೇತಾಡುತ್ತಿತ್ತು. ಎಲ್ಲರೂ ಬೆವರುವಾಗ ಅವನಿಗೆ ಚಳಿ. ಕೂತರೆ ಮೂಳೆ ಒತ್ತುತ್ತಿತ್ತು. ಇಷ್ಟು ವರ್ಷ ಮೈಯಲ್ಲೇ ಹೊತ್ತು ತಿರುಗಿದ ಮೆತ್ತೆ ಮಾಯವಾಗಿತ್ತು.

ಬೇರೆಯವರಾಗಿದ್ದರೆ ಹಿಗ್ಗುತ್ತಿದ್ದರು. ಇವನು ಹಳೇ ದೊಗಲೆ ಅಂಗಿಯೊಳಗೆ ಅಡಗಿಸಿಟ್ಟಿದ್ದ, ಏಕೆಂದರೆ ಇವನ ಸಂಬಳವೆಲ್ಲ ಆ ಮೈಯಲ್ಲೇ ಇತ್ತು. ಪ್ಯಾಂಟು ಹೊಲಿಯುವ ಕಾರ್ಖಾನೆಯಲ್ಲಿ ಅವನು ‘ದೊಡ್ಡ ಅಳತೆ’. ಅಲ್ಲಿನ ಕಟಿಂಗ್ ಮಾಸ್ಟರಿಗೆ ಕಾಗದದ ನಮೂನೆಯಲ್ಲಿ ನಂಬಿಕೆಯಿಲ್ಲ. “ಕಾಗದಕ್ಕೆ ಹೊಟ್ಟೆ ಎಲ್ಲಿದೆ?” ಎನ್ನುತ್ತಾ ಪ್ಯಾಂಟುಗಳ ಪ್ರತಿ ಹೊಸ ಲಾಟಿಗೂ ಜೀವಂತ ಮನುಷ್ಯನಿಗೆ ಟೇಪು ಸುತ್ತಿ, ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಗೀಚಿ, ಬಟ್ಟೆ ಕತ್ತರಿಸಿ, ಒರೆಸಿಬಿಡುತ್ತಿದ್ದರು. ಹೋದ ಸಲದ ಅಳತೆ ಅವರಿಗೆ ಹೋದ ಜನ್ಮದ ಮಾತಿದ್ದಂತೆ. ದಪ್ಪ ಕನ್ನಡಕದೊಳಗಿಂದ ಟೇಪು ಕಾಣುತ್ತಿತ್ತು, ಮನುಷ್ಯ ಕಾಣುತ್ತಿರಲಿಲ್ಲ.

ಮಧ್ಯಮ ಅಳತೆಗೆ ನಿಲ್ಲುವವನು ಯಜಮಾನರ ಹೆಂಡತಿಯ ತಮ್ಮ. ಅವನನ್ನು ಎಲ್ಲರೂ ‘ಮಧ್ಯಮ’ ಎಂದೇ ಕರೆಯುತ್ತಿದ್ದರು. ಅಳತೆಯ ಕೆಲಸ ತಪ್ಪಿದರೆ ಉಳಿಯುವುದು ಗೋದಾಮಿನಲ್ಲಿ ಮೂಟೆ ಎತ್ತುವುದು. ದೊಡ್ಡ ಅಳತೆಯ ಮಂಡಿಗಳು ಆ ಮಾತು ಕೇಳಿದರೇ ಕಟಕಟ ಅನ್ನುತ್ತಿದ್ದವು.

ಆ ಬೆಳಿಗ್ಗೆ ಯಜಮಾನರ ಫೋನು ಬಂತು. “ನಮ್ಮ ಪ್ಯಾಂಟು ಕೊಳ್ಳೋ ಅಂಗಡಿ ಕಂಪನಿಯ ಮೇಡಂ ಬರ್ತಿದಾರೆ ಕಣಯ್ಯಾ. ನಮ್ಮ ಅಳತೆ ಬಗ್ಗೆ ತಕರಾರಂತೆ. ಅಳತೆಯವರನ್ನೇ ಕಣ್ಣಾರೆ ನೋಡ್ಬೇಕಂತೆ. ನೆಟ್ಟಗೆ ಬಾ.”

ಅವನು ಫೋನಿಟ್ಟು ಹೆಂಡತಿಯ ಕಡೆ ನೋಡಿದ. “ಮುಗೀತು ಕಣೇ. ಪ್ಯಾಂಟು ಬಿಗಿ ಆಗ್ತಿದೆ ಅಂತ ದಪ್ಪಗಿರೋರೆಲ್ಲ ಸೇರಿ ದೂರು ಕೊಟ್ಟಿರ್ತಾರೆ.”

“ಡಾಕ್ಟರ್ ಹೇಳಿದ್ದು ಅಂತ ನಿಜ ಹೇಳಿಬಿಡ್ರೀ.”

“ಮೂಟೆ ನೀನು ಹೊರ್ತೀಯಾ?”

ಅವಳು ಒಳಗೆ ಹೋಗಿ ಹಳೇ ರಜಾಯಿ ತಂದಳು. ಅದನ್ನು ಮಡಿಸಿ, ಬನಿಯನ್ನಿನ ಕೆಳಗೆ ಸುತ್ತಿ, ತನ್ನ ದುಪಟ್ಟಾದಿಂದ ಬಿಗಿದು ಕಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. “ಮದುವೆ ದಿನ ಹೀಗೇ ಇದ್ರಿ,” ಎಂದಳು. ಎಂದಿನಂತೆ ಊಟದ ಡಬ್ಬಿಯನ್ನೂ ಕೈಗಿತ್ತಳು. ಊಟ ತರದಿದ್ದರೆ ಜನಕ್ಕೆ ಅನುಮಾನ ಬರುತ್ತದಲ್ಲ.

ಕಾರ್ಖಾನೆಯ ಬಾಗಿಲಲ್ಲೇ ಇಸ್ತ್ರಿ ದೊಡ್ಡಮ್ಮ ಎದುರಾದಳು. ಬಟ್ಟೆಯ ಸುಕ್ಕಿರಲಿ ಸಂಸಾರದ ಸುಕ್ಕಿರಲಿ, ಕಂಡರೆ ಕೈಹಾಕದೆ ಬಿಡುವವಳಲ್ಲ.

“ನಿಲ್ಲೋ ಇಲ್ಲಿ. ನಿನ್ನೆವರೆಗೂ ನೆಟ್ಟಗಿದ್ಯಲ್ಲೋ. ಇದೇನು, ಮುಖ ಬತ್ತಿದೆ, ಹೊಟ್ಟೆ ಊದಿದೆ?”

“ಗಾಳಿ, ದೊಡ್ಡಮ್ಮ.”

“ಗಾಳಿಗೆ ಇಷ್ಟು ಜಾಗ ಬೇಡ ಮಗಾ. ಇದು ನೀರು ತುಂಬಿರೋದು. ನನ್ನ ಮೈದುನಂಗೂ ಹೀಗೇ ಶುರುವಾಗಿದ್ದು.” ಮೈದುನನಿಗೆ ಆಮೇಲೆ ಏನಾಯಿತೆಂದು ಅವಳು ಹೇಳಲಿಲ್ಲ, ನಿಟ್ಟುಸಿರು ಬಿಟ್ಟಳು.

ಅವನು ಮೆಟ್ಟಿಲು ಹತ್ತುವಷ್ಟರಲ್ಲಿ ಸುದ್ದಿ ಮಹಡಿ ತಲುಪಿತ್ತು. ಮಿಷಿನ್ನುಗಳು ಒಂದೊಂದಾಗಿ ನಿಂತವು. ಯಾರೋ ಬಿಸಿನೀರು ತಂದರು. ಯಾರೋ ಫ್ಯಾನು ಜೋರು ಮಾಡಿದರು. ಚಳಿಗೆ ಅವನ ಹಲ್ಲು ಕಟಕಟಿಸಿದವು. “ನಡುಕಾನೂ ಇದೆ,” ಎಂದಳು ದೊಡ್ಡಮ್ಮ, ತಾನು ಹೇಳಿದ್ದು ಸರಿಯಾದ ಸಂತೋಷದಲ್ಲಿ. ನಾಲ್ಕು ಜನ ಹಿಡಿದು ಅವನನ್ನು ಕಟಿಂಗ್ ಮೇಜಿನ ಮೇಲೆ ಮಲಗಿಸಿದರು. ರಜಾಯಿ ಒಮ್ಮೆ ಗುಡ್ಡದಂತೆ ಎದ್ದು ನಿಂತು, ಆಮೇಲೆ ನಿಧಾನವಾಗಿ ಎಡಕ್ಕೆ ಜರುಗಿತು.

“ನೀರು ಪಕ್ಕಕ್ಕೆ ಹರೀತಿದೆ,” ಎಂದಳು ದೊಡ್ಡಮ್ಮ.

ಮಧ್ಯಮ ಗುಂಪು ಸರಿಸಿಕೊಂಡು ಬಂದ. ಎಷ್ಟೋ ತಿಂಗಳಿಂದ ದೊಡ್ಡ ಅಳತೆಯ ಡಬ್ಬಿ ಖಾಲಿಯಾಗಿ ಮನೆಗೆ ಹೋಗುತ್ತಿದ್ದುದು ಅವನು ಉಂಡು ಮುಗಿಸುತ್ತಿದ್ದ ಪುಣ್ಯದಿಂದ. “ಅಣ್ಣ, ಹುಷಾರಾಗಿ ಮಲಗಿ. ಡಬ್ಬಿ ನಾನು ನೋಡ್ಕೋತೀನಿ,” ಎಂದು ಎತ್ತಿಕೊಂಡ. ಇವತ್ತೇಕೋ ಮುಚ್ಚಳ ತೆರೆದು, ಮೂಸಿ, ಹಾಗೆಯೇ ಮುಚ್ಚಿಟ್ಟ.

ಅಷ್ಟರಲ್ಲಿ ಯಜಮಾನರ ಹಿಂದೆ ಮೇಡಂ ಬಂದರು. ಕೈಯಲ್ಲಿ ಎರಡು ಪ್ಯಾಂಟು, ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

“ದೊಡ್ಡ ಅಳತೆ ಯಾರು?”

ಅವನು ಮೇಜಿನಿಂದ ಇಳಿದು, ಎಡಕ್ಕೆ ಜರುಗಿದ್ದ ಹೊಟ್ಟೆಯನ್ನು ಕೈಯಲ್ಲಿ ಒತ್ತಿ ನಡುವಿಗೆ ತಂದುಕೊಂಡು, “ನಾನೇ ಮೇಡಂ,” ಎಂದ.

“ಇವರಿಗೆ ಇದನ್ನ ಹಾಕಿ ತೋರಿಸಿ.”

ಪ್ಯಾಂಟು ತೊಡೆಯವರೆಗೆ ಸುಲಭವಾಗಿ ಏರಿತು. ಆಮೇಲೆ ರಜಾಯಿಗೂ ಗುಂಡಿಗೂ ಜಗಳ ಹತ್ತಿತು. ಮಾಸ್ಟರು ಮಂಡಿಯೂರಿ ಕೂತು, ಎರಡೂ ಬದಿ ಎಳೆದು, “ಉಸಿರು ಬಿಡಬೇಡ್ರೀ,” ಎನ್ನುತ್ತಾ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಸೊಂಟಕ್ಕೆ ಚುಚ್ಚಿದರು. ಸೂಜಿ ತಲೆಯವರೆಗೆ ಇಳಿಯಿತು. ದೊಡ್ಡ ಅಳತೆ ಮೇಡಂ ಕಡೆ ನೋಡುತ್ತಾ ವಿನಯದಿಂದ ನಗುತ್ತಿದ್ದ. ಮಾಸ್ಟರು ಎರಡನೆಯದು ಚುಚ್ಚಿದರು. ಮೂರನೆಯದನ್ನು ಹೊಕ್ಕುಳ ಇರಬೇಕಾದ ಜಾಗಕ್ಕೇ ಇಳಿಸಿದರು.

ಮೇಡಂ ಮೇಜಿನ ಅಂಚು ಹಿಡಿದುಕೊಂಡರು. “ಅವರಿಗೆ ನೋವಾಗ್ತಿಲ್ವಾ?”

“ಅಭ್ಯಾಸ ಇದೆ ಮೇಡಂ,” ಎಂದ ಅವನು. ಆಮೇಲೆ ತಗ್ಗಿ ನೋಡಿಕೊಂಡ. ಒಳಗಿಂದ ಹತ್ತಿಯ ಒಂದು ಎಳೆ ಹೊರಬಂದು ಫ್ಯಾನಿನ ಗಾಳಿಗೆ ಆಡುತ್ತಿತ್ತು.

“ಅಯ್ಯೋ, ಕರುಳು,” ಎಂದು ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಳು.

ಇನ್ನು ಆಗುವುದಿಲ್ಲ ಅನ್ನಿಸಿತು ಅವನಿಗೆ. ದುಪಟ್ಟಾ ಬಿಚ್ಚಿ, ರಜಾಯಿ ಎಳೆದು ಮೇಜಿನ ಮೇಲಿಟ್ಟು, ಇಂಜೆಕ್ಷನ್ನಿನಿಂದ ಹಿಡಿದು ಉಂಗುರದವರೆಗೆ ಎಲ್ಲ ಹೇಳಿಬಿಟ್ಟ. ರಜಾಯಿ ಹೋದದ್ದೇ ಪ್ಯಾಂಟು ಅವನ ಮೈಗೆ ಹೊಲಿದಿಟ್ಟ ಹಾಗೆ ಕೂತಿತು.

“ನನ್ನ ಕಾರ್ಖಾನೆಯಲ್ಲಿ ನಾಟಕ ಆಡ್ತೀಯಾ? ಇವತ್ತೇ ಗೋದಾಮಿಗೆ ನಡಿ,” ಎಂದರು ಯಜಮಾನರು. “ಮೇಡಂ, ಬಿಗಿ ಆಗಿದ್ದಕ್ಕೆ ಕಾರಣ ಸಿಕ್ತಲ್ಲ.”

“ಬಿಗಿ ಅಂತ ನಾನೆಲ್ಲಿ ಹೇಳಿದೆ?” ಮೇಡಂ ಕೈಯಲ್ಲುಳಿದಿದ್ದ ಪ್ಯಾಂಟನ್ನು ಅವನ ಸೊಂಟಕ್ಕೆ ಹಿಡಿದರು. ಅಂಚಿಗೆ ಅಂಚು ಕೂಡಿತು. “ಇದು ನಿಮ್ಮ ಮಧ್ಯಮ. ಅವರು ಹಾಕಿರೋದು ನಿಮ್ಮ ದೊಡ್ಡದು. ಚೀಟಿ ಕಿತ್ತರೆ ಯಾವುದು ಯಾವುದು ಅಂತ ನಿಮಗೇ ಗೊತ್ತಾಗಲ್ಲ. ದೊಡ್ಡದು ಇಳಿದದ್ದು ಗೊತ್ತಾಯ್ತು. ಮಧ್ಯಮ ಏರಿದ್ದು ಹೇಗೆ?”

ಎಲ್ಲರ ಕಣ್ಣೂ ಒಟ್ಟಿಗೆ ತಿರುಗಿತು. ಮಧ್ಯಮ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದ. ಹೊಟ್ಟೆಯನ್ನು ಹಾಗೆ ಸರಿಸಲು ಬರಲಿಲ್ಲ.

ಮಾಸ್ಟರು ಇಬ್ಬರಿಗೂ ಟೇಪು ಸುತ್ತಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಸುತ್ತಿದರು. “ಅವಳಿಜವಳಿ,” ಎಂದರು.

ಯಜಮಾನರು ಕುರ್ಚಿಯಲ್ಲಿ ಕುಸಿದರು. ಒಬ್ಬನನ್ನು ಕಳಿಸಿದರೆ ಇನ್ನೊಬ್ಬನನ್ನೂ ಕಳಿಸಬೇಕು. ಆ ಇನ್ನೊಬ್ಬನ ಅಕ್ಕ ಸಂಜೆ ಮನೆಯಲ್ಲಿರುತ್ತಾಳೆ. ಅವರು ತಲೆ ಕೆರೆದುಕೊಂಡು, ಬಹಳ ಹೊತ್ತಿನ ಮೇಲೆ ಮುಖ ಅರಳಿಸಿದರು.

“ಅದಲು ಬದಲು ಮಾಡಿಬಿಡೋಣ. ನೀನು ಹೇಗೂ ಇಳೀತಿದೀಯ, ಇನ್ನೊಂಚೂರು ಇಳಿದು ಮಧ್ಯಮ ಆಗು. ನೀನು ಹೇಗೂ ಏರ್ತಿದೀಯ, ಏರಿ ದೊಡ್ಡ ಅಳತೆ ಆಗು. ಮುಂದಿನ ಲಾಟಿನ ಹೊತ್ತಿಗೆ ಇಬ್ಬರ ಮಧ್ಯೆ ಒಂದು ಗೇಣಾದ್ರೂ ಅಂತರ ಕಾಣ್ಬೇಕು. ಕಾಣ್ಲಿಲ್ವೋ, ನಮ್ಮನೆಯವಳು ಏನಾದ್ರೂ ಅನ್ಲಿ, ಇಬ್ರೂ ಮೂಟೆ ಹೊರ್ತೀರಿ.”

ಮೇಡಂ ಮೊದಲ ಸಲ ನಕ್ಕರು. ಒಪ್ಪಿ ಹೊರಟರು. ಮಿಷಿನ್ನುಗಳು ಮತ್ತೆ ಶುರುವಾದವು.

ದೊಡ್ಡ ಅಳತೆಗೆ ಮೈ ಹಗುರಾಯಿತು, ಈ ಸಲ ಔಷಧಿಯಿಂದಲ್ಲ. ಇನ್ನು ಕದ್ದುಮುಚ್ಚಿ ಬದುಕಬೇಕಿಲ್ಲ. ಡಾಕ್ಟರು ಹೇಳಿದ್ದನ್ನೇ ಯಜಮಾನರೂ ಹೇಳುವ ಭಾಗ್ಯ ಎಷ್ಟು ಜನಕ್ಕುಂಟು? ಮಂಡಿ ನೀವಿಕೊಳ್ಳುತ್ತಾ ಅವನು ಮೂಲೆಯಲ್ಲಿದ್ದ ಬಟ್ಟೆ ಮೂಟೆಗಳ ಕಡೆ ಒಮ್ಮೆ ಉಡಾಫೆಯಿಂದ ನೋಡಿದ.

ಮೂಟೆಗಳ ಸಂದಿಯಿಂದ ಮಧ್ಯಮ ಕೈ ಬೀಸಿ ಕರೆಯುತ್ತಿದ್ದ.

“ಅಣ್ಣ, ಭಾವಂಗೆ ಹೇಳಲ್ಲ ಅಂತ ಮಾತು ಕೊಡಿ.”

“ಏನೋ?”

“ಮನೇಲಿ ನನಗೆ ಹುಡುಗಿ ನೋಡ್ತಿದಾರೆ. ಇಬ್ರು ಬಂದು ಹೊಟ್ಟೆ ನೋಡಿ ವಾಪಸ್ ಹೋದ್ರು. ನಿಮ್ಮ ಮುಖ ಇಳಿದದ್ದು ನೋಡಿ ನಂಗೆ ಮೊದಲೇ ಅನುಮಾನ ಇತ್ತು. ನಿಮ್ಮ ಡಾಕ್ಟರ ಹತ್ರಾನೇ ಹೋದೆ. ಈ ವಾರ ಮೊದಲನೇ ಇಂಜೆಕ್ಷನ್ ಚುಚ್ಚಿಸ್ಕೊಂಡೆ.”

ದೊಡ್ಡ ಅಳತೆ ಅಲ್ಲೇ ಒಂದು ಮೂಟೆಯ ಮೇಲೆ ಕೂತ. ಮೂಳೆ ಒತ್ತಿತು. ಅವನು ಎಲ್ಲ ಆಸೆಯನ್ನೂ ದನಿಗೆ ತುಂಬಿಕೊಂಡು ಕೇಳಿದ:

“ಹಸಿವು ಆಗ್ತಿದೆ ತಾನೇ, ಮರಿ? ಸ್ವಲ್ಪನಾದ್ರೂ?”

“ಇಲ್ಲಣ್ಣ,” ಎಂದ ಮಧ್ಯಮ, ಮುಖ ತುಂಬ ನಗುತ್ತಾ. “ಒಂಚೂರೂ ಇಲ್ಲ.”