ಎಡಕ್ಕೆ ಮೊಳೆ, ಬಲಕ್ಕೆ ಮೆತ್ತೆ

ಟಾರ್ಮೊನ ಹೆಗಲಿಗೆ ಶನಿ ಏರಿದ್ದು ಒಂದು ಗುರುವಾರ ಬೆಳಿಗ್ಗೆ. ಅದಕ್ಕೆ ಕಾರಣ ಮಾತ್ರ ಶನಿವಾರ.

ಮೂರನೇ ಮಹಡಿಯ ಮುದುಕ ಊರ್ಹೊ ತೊಂಬತ್ತೊಂದನೇ ವಯಸ್ಸಿನಲ್ಲಿ ತೀರಿಕೊಂಡಿದ್ದ. ಅವನು ಹೋದನೆಂದು ಅತ್ತವರು ಇಬ್ಬರು; ಅವನ ಶನಿವಾರ ಸಂಜೆ ಆರರ ಸೌನಾ ಖಾಲಿಯಾಯಿತೆಂದು ಬಾಯಲ್ಲಿ ನೀರೂರಿಸಿಕೊಂಡವರು ಹದಿನೇಳು ಮನೆಯವರು. ಕಯಾನಿ ಎಂಬ ಚಳಿಯೂರಿನ ಆ ಕಟ್ಟಡದ ನೆಲಮಾಳಿಗೆಯಲ್ಲಿ ಇದ್ದದ್ದು ಒಂದೇ ಸೌನಾ. ಕಾದ ಕಲ್ಲಿಗೆ ನೀರು ಎರಚಿ, ಏಳುವ ಉಗಿಯಲ್ಲಿ ಇಡ್ಲಿಯಂತೆ ಬೇಯಲು ಪ್ರತಿ ಮನೆಗೂ ವಾರಕ್ಕೊಂದು ಗಂಟೆಯ ಸರದಿ. ಶನಿವಾರ ಆರು ಗಂಟೆಯೆಂದರೆ ರಾಜಯೋಗ. ಟಾರ್ಮೊನಿಗೆ ಹನ್ನೊಂದು ವರ್ಷದಿಂದ ಅಂಟಿಕೊಂಡಿದ್ದು ಮಂಗಳವಾರ ಮಧ್ಯಾಹ್ನ ಎರಡು ಗಂಟೆ. ಆ ಹೊತ್ತಿಗೆ ಅವನು ಊರಿನ ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನು ಒರೆಸುತ್ತಿರುತ್ತಿದ್ದ. ಅವನ ಬೆನ್ನು ಬೆಂದದ್ದೇ ಇಲ್ಲ.

ಈಗ ಕಾಯುವವರ ಪಟ್ಟಿಯಲ್ಲಿ ಅವನ ಹೆಸರೇ ಮೊದಲು. ಆದರೆ ಸಮಿತಿ ಒಪ್ಪಬೇಕು. ಸಮಿತಿಯೆಂದರೆ ಇಬ್ಬರು: ಎಡ ಬ್ಲಾಕಿನ ಕಲೆರ್ವೊ, ಬಲ ಬ್ಲಾಕಿನ ಲೆಂಪಿ. ಕಟ್ಟಡದ ಮ್ಯಾನೇಜರ್ ರೌನಿಯಮ್ಮ ಹಿಂದೆಯೇ ಹೇಳಿಬಿಟ್ಟಿದ್ದಳು: "ಅವರಿಬ್ಬರೂ ಯಾವುದಕ್ಕೆ ಹೂಂ ಅಂತಾರೋ ಅದಕ್ಕೆ ನಾನು ಸೀಲು ಹಾಕ್ತೀನಿ. ಇಪ್ಪತ್ತು ವರ್ಷದಿಂದ ಸೀಲು ಒಣಗ್ತಾ ಬಿದ್ದಿದೆ."

ಸಭೆ ಅವತ್ತೇ ಮೂರು ಗಂಟೆಗೆ, ಊರಾಚೆಯ ರೌನಿಯಮ್ಮನ ಆಫೀಸಿನಲ್ಲಿ. ಹಿಂದಿನ ರಾತ್ರಿ ಮೊದಲ ಹಿಮ ಬಿದ್ದು ಹೆಪ್ಪುಗಟ್ಟಿ ಅಂಗಳವೆಲ್ಲ ತುಪ್ಪ ಸವರಿದ ಕಾವಲಿಯಾಗಿತ್ತು. ಚಳಿಗಾಲಕ್ಕೆಂದು ಎಲ್ಲರೂ ಟಯರು ಬದಲಾಯಿಸಿದ್ದರು; ಟಾರ್ಮೊನ ಕಾರು ಮಾತ್ರ ಇನ್ನೂ ಬೇಸಿಗೆಯ ಟಯರಿನಲ್ಲೇ ನಿಂತಿತ್ತು. ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದವನ ತಲೆಯ ಮೇಲೆ ಎಡಗಡೆಯ ಕಿಟಕಿ ತೆರೆಯಿತು.

"ಲೇ ತಮ್ಮಾ! ಇವತ್ತಾದ್ರೂ ಟಯರ್ ಬದಲಾಯಿಸ್ತೀಯೋ, ಇಲ್ಲ ಊರ್ಹೊ ಹಿಂದೆ ನೀನೂ ಹೋಗ್ತೀಯೋ?"

ಅದು ಕಲೆರ್ವೊ. ನಲವತ್ತು ವರ್ಷ ಮರದ ದಿಮ್ಮಿಯ ಲಾರಿ ಓಡಿಸಿದವನು. ಪಿಸುಗುಟ್ಟಿದರೂ ಹಾರ್ನ್ ಹೊಡೆದಂತೆ ಕೇಳುತ್ತಿತ್ತು.

"ಇವತ್ತೇ ಕಲೆರ್ವೊ, ಈಗಲೇ ಹೊರಟೆ."

"ಮಂಜುಗಡ್ಡೆ ಕಚ್ಚೋಕೆ ಮೈತುಂಬ ಮೊಳೆ ಇರೋ ಟಯರ್ ತಾನೇ? ಮೊಳೆ ಇಲ್ದಿರೋ ಟಯರ್ ಅಂದ್ರೆ ಹಲ್ಲು ಸೆಟ್ ಮನೇಲಿ ಬಿಟ್ಟು ಮದುವೆ ಊಟಕ್ಕೆ ಹೋದ ಹಾಗೆ. ತಲೆ ನೆಟ್ಟಗಿರೋನು ಮೊಳೆನೇ ಹಾಕ್ಸೋದು. ತಲೆ ನೆಟ್ಟಗಿರೋನಿಗೇ ನನ್ನ ವೋಟು."

"ಮೊಳೆನೇ ಮತ್ತೆ! ಬೇರೆ ಏನಿದೆ?" ಎಂದ ಟಾರ್ಮೊ.

ಎಡ ಕಿಟಕಿ ಮುಚ್ಚಿತು, ಬಲ ಕಿಟಕಿ ತೆರೆಯಿತು.

"ಏ ಹುಡುಗ!"

ನಲವತ್ತಾರು ವರ್ಷದ 'ಹುಡುಗ' ಸೆಟೆದು ನಿಂತ. ಲೆಂಪಿ ಅವನಿಗೆ ಭೌತಶಾಸ್ತ್ರ ಕಲಿಸಿದವಳು. ಅಂದರೆ ಅವಳು ಕಲಿಸಿದ್ದಳು, ಅವನು ಕಲಿತಿರಲಿಲ್ಲ.

"ಆ ಲಾರಿಯವನ ಮಾತು ಕೇಳಿ ಮೊಳೆ ಹೊಡೆಸ್ಕೊಂಡು ಬಂದೀಯ, ಜೋಕೆ. ಮೊಳೆ ರಸ್ತೆನ ಕೆರೆಯುತ್ತೆ, ಆ ಧೂಳು ವಸಂತದಲ್ಲಿ ನನ್ನ ಎದೆಗೂಡಿಗೆ ಬಂದು ಕೂರುತ್ತೆ. ಮೆತ್ತನೆ ರಬ್ಬರಿನ ಟಯರ್ ಇದೆ, ಸಾವಿರ ಸೀಳು ಇರುತ್ತೆ, ಮಂಜುಗಡ್ಡೆನ ಬೆಕ್ಕಿನ ಪಾದದ ಹಾಗೆ ಹಿಡಿಯುತ್ತೆ. ಘರ್ಷಣೆ ಅಂದ್ರೆ ಏನು, ಹೇಳು ನೋಡೋಣ?"

"ಅದು... ನೀವು ಮತ್ತೆ ಕಲೆರ್ವೊ, ಟೀಚರ್."

"ಅಧಿಕಪ್ರಸಂಗಿ! ಮೆತ್ತೆ ಟಯರ್ ಹಾಕ್ಸು. ಬುದ್ಧಿ ಇರೋರಿಗೇ ನನ್ನ ವೋಟು."

"ಮೆತ್ತೆನೇ ಟೀಚರ್. ಬೇರೆ ಏನಿದೆ?"

ಎರಡು ಕಿಟಕಿಗೂ ಹೂಂ ಎಂದವನು ಪೆಂಟ್ಟಿಯ ಟಯರ್ ಶೆಡ್ಡು ತಲುಪುವಷ್ಟರಲ್ಲಿ ಬೆವತಿದ್ದ. ಹೊರಗೆ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗಿತ್ತು. ಡಿಕ್ಕಿಯಲ್ಲಿ ಹೋದ ವರ್ಷದ ನಾಲ್ಕು ಮೊಳೆ ಚಕ್ರಗಳಿದ್ದವು. ಎರಡು ಗಟ್ಟಿ; ಇನ್ನೆರಡರ ಮೊಳೆಗಳು ಕಲೆರ್ವೊನ ಹಲ್ಲಿನಂತೆ ಅಲ್ಲೊಂದು ಇಲ್ಲೊಂದು. ಪೆಂಟ್ಟಿಯ ಹಳೇ ಮಾಲಿನ ರಾಶಿಯ ತುದಿಯಲ್ಲಿ ಅದೇ ಅಳತೆಯ ಎರಡು ಮೆತ್ತೆ ಚಕ್ರ ಕೂತಿದ್ದವು. ಟಾರ್ಮೊ ಅವನ್ನು ನೋಡಿದ, ಇವನ್ನು ನೋಡಿದ. ತಾನು ಕಾರು ನಿಲ್ಲಿಸುವ ಜಾಗ ನೆನಪಾಯಿತು: ಎರಡು ಬ್ಲಾಕುಗಳ ನಟ್ಟನಡುವೆ. ಎಡ ಕಿಟಕಿಗೆ ಕಾರಿನ ಎಡಮೈ ಕಾಣುತ್ತದೆ, ಬಲ ಕಿಟಕಿಗೆ ಬಲಮೈ. ಎರಡೂ ಮೈ ಒಟ್ಟಿಗೆ ಕಾಣುವುದು ಮೇಲಿರುವ ಊರ್ಹೊನಿಗೆ ಮಾತ್ರ.

"ಎಡಕ್ಕೆರಡು ಮೊಳೆ, ಬಲಕ್ಕೆರಡು ಮೆತ್ತೆ," ಎಂದ.

ಪೆಂಟ್ಟಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆ ಊರಲ್ಲಿ ಅದೇ ದೊಡ್ಡ ಬೈಗುಳ.

"ನಾಕೂ ಒಂದೇ ಜಾತಿ ಇರ್ಬೇಕು. ಕಾನೂನು."

"ಇವತ್ತೊಂದು ದಿನಕ್ಕೆ, ಪೆಂಟ್ಟಿ. ಸೌನಾ ವಿಷಯ. ಶನಿವಾರ ಆರು ಗಂಟೆ!"

ಪೆಂಟ್ಟಿಯ ಮುಖ ಮೆತ್ತಗಾಯಿತು. ಮದ್ಯ, ಮಗಳ ಮದುವೆ, ಮಗನ ಮಾರ್ಕ್ಸ್ ಯಾವುದಕ್ಕೂ ಕರಗದವರು ಸೌನಾ ಎಂದರೆ ಕರಗುತ್ತಾರೆ. ಅವನು ಜಾಕಿಯನ್ನೂ ಸ್ಪ್ಯಾನರನ್ನೂ ನೆಲದ ಮೇಲಿಟ್ಟ. "ನಾನು ಕಾಫಿ ಕುಡಿಯೋಕೆ ಹೋಗ್ತೀನಿ. ಕಾಫಿ ಕುಡಿಯೋವಾಗ ನಂಗೆ ಕಣ್ಣು ಕಾಣಲ್ಲ."

ಎರಡು ಗಂಟೆಗೆ ಕಾರು ಅಂಗಳಕ್ಕೆ ಬಂದು ನಿಂತಾಗ ಎಡ ಕಿಟಕಿ "ಭೇಷ್!" ಎಂದಿತು, ಬಲ ಕಿಟಕಿ "ಜಾಣ!" ಎಂದಿತು. ಟಾರ್ಮೊ ನಡುವೆ ನಿಂತು ಎರಡೂ ಕಡೆಗೆ ಕೈ ಬೀಸಿದ, ಚುನಾವಣೆ ಗೆದ್ದವನಂತೆ. ಆ ಗೆಲುವು ನಾಲ್ಕು ನಿಮಿಷ ಬಾಳಿತು.

"ಬಸ್ ಇಲ್ವಂತೆ," ಎಂದು ಕಲೆರ್ವೊ ಟೋಪಿ ಹಾಕಿಕೊಂಡೇ ಎಡ ಬಾಗಿಲಿಗೆ ಬಂದ. "ನನ್ನ ಕಾರು ಗ್ಯಾರೇಜಲ್ಲಿದೆ. ಸಭೆಗೆ ನಿನ್ನ ಮೊಳೆ ಮೇಲೇ ಬರ್ತೀನಿ."

"ಬಸ್ ರದ್ದಂತೆ," ಎಂದು ಲೆಂಪಿ ಫ್ಲಾಸ್ಕು ಹಿಡಿದು ಬಲ ಬಾಗಿಲಿಗೆ ಬಂದಳು. "ನಿನ್ನ ಮೆತ್ತೆ ಹೇಗೆ ಓಡುತ್ತೆ ನೋಡ್ತೀನಿ."

ಕಾರಿನ ಮೇಲಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಇವರು ಮುಂದೆ ಕೂತ್ರೆ ನಾನು ಬರಲ್ಲ," ಎಂದ ಕಲೆರ್ವೊ.

"ಇವನು ಮುಂದೆ ಕೂತ್ರೆ ನಾನು ನಡ್ಕೊಂಡು ಹೋಗ್ತೀನಿ," ಎಂದಳು ಲೆಂಪಿ.

ಹೀಗಾಗಿ ಮುಂದಿನ ಸೀಟು ಖಾಲಿ ಉಳಿಯಿತು; ಇಬ್ಬರೂ ಹಿಂದೆ, ನಡುವೆ ಫ್ಲಾಸ್ಕನ್ನು ಗಡಿಕಲ್ಲಿನಂತೆ ಇಟ್ಟುಕೊಂಡು ಕೂತರು. ಕಾರು ಹೊರಟಿತು. ಎಡಗಡೆಯಿಂದ ಕರಕರ, ಬಲಗಡೆಯಿಂದ ಮೌನ.

"ಆಹಾ, ಕೇಳು! ಸಂಗೀತ!" ಎಂದ ಕಲೆರ್ವೊ.

"ಏನದು ಸದ್ದು?" ಎಂದಳು ಲೆಂಪಿ.

"ಹೀಟರ್, ಟೀಚರ್," ಎಂದ ಟಾರ್ಮೊ.

ರೌನಿಯಮ್ಮನ ಆಫೀಸಿಗೆ ಕೆರೆಯಂಚಿನ ದಾರಿ ಎಂಟು ಕಿಲೋಮೀಟರ್. ಐದು ಸಲೀಸಾಗಿ ಕಳೆಯಿತು. ಆರನೆಯದರಲ್ಲಿ ಒಂದು ಬಿಳಿ ಮೊಲ ರಸ್ತೆಯ ಮಧ್ಯೆ ಕೂತು ಕಿವಿ ಕೆರೆದುಕೊಳ್ಳುತ್ತಿತ್ತು. ಟಾರ್ಮೊ ಬ್ರೇಕು ಒತ್ತಿದ. ಎಡಗಡೆ ಮೊಳೆಗಳು ಮಂಜುಗಡ್ಡೆಗೆ ಹಲ್ಲೂರಿ "ನಿಂತೆ" ಎಂದವು. ಬಲಗಡೆಯ ಮುದಿ ಮೆತ್ತೆಗಳು "ನೀವು ನಿಲ್ಲಿ, ನಾವು ಹೋಗಿ ಬರ್ತೀವಿ" ಎಂದವು. ಕಾರು ಹಗ್ಗ ಬಿಚ್ಚಿದ ಬುಗುರಿಯಾಗಿ ಎರಡು ಸುತ್ತು ತಿರುಗಿ, ಹಿಂಬದಿ ಮುಂದಾಗಿ ಚರಂಡಿಯ ಹಿಮದೊಳಗೆ ಕೂತುಬಿಟ್ಟಿತು. ಮೊಲ ಕಿವಿ ಕೆರೆದು ಮುಗಿಸಿ, ನಿಧಾನಕ್ಕೆ ರಸ್ತೆ ದಾಟಿತು.

ಯಾರಿಗೂ ಏಟಾಗಿರಲಿಲ್ಲ. ಕಲೆರ್ವೊ ಇಳಿದು ಬಲಗಡೆ ಹೋಗಿ ನೋಡಿದ. ಲೆಂಪಿ ಇಳಿದು ಎಡಗಡೆ ಹೋಗಿ ನೋಡಿದಳು. ಇಬ್ಬರೂ ಬಾಯಿ ತೆರೆಯುವ ಮೊದಲೇ ಟಾರ್ಮೊ, "ನಾನು ಟ್ರ್ಯಾಕ್ಟರ್ ತರ್ತೀನಿ! ಸೀಟಿನಡಿ ಒಂದು ಕಂಬಳಿ ಇದೆ!" ಎನ್ನುತ್ತಾ ಓಡಿದ. ಓಡಿದ್ದಕ್ಕಿಂತ ಜಾರಿದ್ದೇ ಹೆಚ್ಚು.

ಒಂದೂವರೆ ಕಿಲೋಮೀಟರ್ ಆಚೆ ಟೌನೊ ಎಂಬ ರೈತನ ಮನೆ. ಟ್ರ್ಯಾಕ್ಟರ್ ಇತ್ತು. ಆದರೆ ಕಾಫಿ ಕುಡಿಯದೆ ಆ ಮನೆಯ ಹೊಸ್ತಿಲು ದಾಟಿ ಹೋದವರಿಲ್ಲ. ಮೊದಲ ಲೋಟಕ್ಕೆ ಏಲಕ್ಕಿ ಬನ್ನು ಬಂತು. ಎರಡನೆಯದಕ್ಕೆ ಟೌನೊನ ತಾಯಿ ಬಂದು ಕೂತಳು. ಮೂರನೆಯದಕ್ಕೆ ಟೌನೊ ಕೇಳಿದ: "ಅಂದ ಹಾಗೆ, ಮೊಳೆನೋ, ಮೆತ್ತೆನೋ?"

ಟಾರ್ಮೊ ಬನ್ನು ಕಚ್ಚಿಕೊಂಡೇ ಅಳುವುದೊಂದು ಬಾಕಿ.

ಟ್ರ್ಯಾಕ್ಟರಿನೊಂದಿಗೆ ಅವನು ಮರಳಿದಾಗ ಒಂದೂಮುಕ್ಕಾಲು ಗಂಟೆ ಕಳೆದಿತ್ತು. ಕಾರಿನ ಗಾಜುಗಳೆಲ್ಲ ಮಬ್ಬಾಗಿದ್ದವು. ಒಳಗಿಂದ ಸದ್ದಿಲ್ಲ. ಕೊಂದುಕೊಂಡರೇ? ಮೊದಲು ಯಾರು ಯಾರನ್ನು ಕೊಂದಿರಬಹುದು? ಉಳಿದವರ ಒಂದೇ ವೋಟು ಸಾಕಾಗುತ್ತದೆಯೇ? ಟಾರ್ಮೊ ಬಾಗಿಲು ತೆರೆದ.

ಇಬ್ಬರೂ ಒಂದೇ ಕಂಬಳಿ ಹೊದ್ದು, ಫ್ಲಾಸ್ಕಿನ ಒಂದೇ ಮುಚ್ಚಳದಲ್ಲಿ ಕಾಫಿ ಕುಡಿಯುತ್ತಿದ್ದರು. ಗಡಿಕಲ್ಲು ಕಾಲಡಿಯಲ್ಲಿ ಉರುಳಿತ್ತು.

"ಬಂದ್ಯಾ ದಡ್ಡ ಶಿಖಾಮಣಿ?" ಎಂದ ಕಲೆರ್ವೊ. "ಇಷ್ಟು ಹೊತ್ತೂ ಇಬ್ಬರೂ ಸೇರಿ ನಿನ್ನನ್ನೇ ಬೈತಾ ಇದ್ವಿ."

"ಶಾಲೆಲಿ ನೀನು ಎಂಥ ಕತ್ತೆ ಆಗಿದ್ದೆ ಅಂತ ಹೇಳ್ದೆ," ಎಂದಳು ಲೆಂಪಿ, ಕೆಂಪಾಗಿ. "ಕಲೆರ್ವೊ ಒಂದು ಮಾತಿಗೂ ಎದುರಾಡ್ಲಿಲ್ಲ. ಇಪ್ಪತ್ತು ವರ್ಷದಲ್ಲಿ ಇದೇ ಮೊದಲು, ನೋಡು."

"ಲೆಂಪಿ ಎಷ್ಟು ಚೆನ್ನಾಗಿ ಬೈತಾರೆ ಗೊತ್ತಾ?" ಎಂದ ಕಲೆರ್ವೊ. "ನನ್ನ ಕ್ಲೀನರ್‌ಗಳನ್ನ ನಾನೂ ಅಷ್ಟು ಚೆನ್ನಾಗಿ ಬೈದಿಲ್ಲ."

ಟಾರ್ಮೊನ ಎದೆ ಹಗುರಾಯಿತು. ಬೈದರೇನಂತೆ, ಇಬ್ಬರಿಗೂ ಒಮ್ಮತ ಬಂತಲ್ಲ! ಒಮ್ಮತವೆಂದರೆ ಸೀಲು. ಸೀಲೆಂದರೆ ಶನಿವಾರ ಆರು ಗಂಟೆ. ಟ್ರ್ಯಾಕ್ಟರು ಕಾರನ್ನು ಎಳೆಯುತ್ತಿದ್ದರೆ ಅವನು ಮನಸ್ಸಿನಲ್ಲೇ ಟವೆಲು ಮಡಚುತ್ತಿದ್ದ.

ತೆವಳುತ್ತಾ ಹೋಗಿ ಐದು ಗಂಟೆಗೆ ಆಫೀಸು ಮುಟ್ಟಿದರು. ರೌನಿಯಮ್ಮ ಕೋಟು ಹಾಕಿಕೊಂಡು ಬೀಗ ಹುಡುಕುತ್ತಿದ್ದಳು.

"ವಿಷಯ ಒಂದೇ: ಶನಿವಾರದ ಸರದಿ. ಪಟ್ಟಿಲಿ ಮೊದಲ ಹೆಸರು ಟಾರ್ಮೊ. ಯಾವತ್ತಿನ ಹಾಗೆ ಭಿನ್ನಾಭಿಪ್ರಾಯ ಅಂತ ಬರ್ಕೊಳ್ಲಾ?"

"ಇಲ್ಲ," ಎಂದರು ಕಲೆರ್ವೊ ಮತ್ತು ಲೆಂಪಿ ಒಟ್ಟಿಗೆ.

ರೌನಿಯಮ್ಮ ಕುರ್ಚಿಯಲ್ಲಿ ಕುಸಿದು ಕೂತು, ಸೀಲು ಹೊರತೆಗೆದು ಹಾ ಎಂದು ಉಸಿರೂದಿದಳು. ಟಾರ್ಮೊ ಎದ್ದು ನಿಂತು ಅಂಗಿಯ ಗುಂಡಿ ಸರಿಮಾಡಿಕೊಂಡ.

"ಒಂದೇ ಮನೆಯ ಇಬ್ಬರಿಗೆ ಒಂದು ಸರದಿ ಬೇಕಾದ್ರೆ, ಕಾಯೋರ ಪಟ್ಟಿಗಿಂತ ಅವರೇ ಮೊದಲು ಅಂತ ನಿಯಮ ಇದೆಯಲ್ಲ?" ಎಂದಳು ಲೆಂಪಿ, ಮೇಜಿನ ಅಂಚನ್ನು ನೋಡುತ್ತಾ.

"ಇದೆ. ಆದ್ರೆ ಯಾರ ಮನೆ?"

"ನಮ್ಮದು," ಎಂದ ಕಲೆರ್ವೊ. ಅವನ ಬಾಳಿನಲ್ಲಿ ಮೊದಲ ಸಲ ದನಿ ನಿಜವಾಗಿಯೂ ಪಿಸುದನಿಯಾಗಿತ್ತು. "ಮುಂದಿನ ವಾರ ಅವರ ಕಡೆಗೆ ಸಾಮಾನು ಸಾಗಿಸ್ತೀನಿ. ಶನಿವಾರ ಆರು ಗಂಟೆ ನಮಗೇ."

ಠಪ್ ಎಂದು ಸೀಲು ಬಿತ್ತು.

"ಹಾಗಾದ್ರೆ..." ಟಾರ್ಮೊ ಮೇಜಿನ ಕಡೆ ಬಗ್ಗಿದ. "ನಿಮ್ಮಿಬ್ಬರ ಹಳೇ ಸರದಿ? ಶುಕ್ರವಾರ ಸಂಜೆದು, ಗುರುವಾರ ಸಂಜೆದು? ಅದರಲ್ಲಿ ಒಂದಾದ್ರೂ..."

"ಅವೂ ಇರಲಿ," ಎಂದಳು ಲೆಂಪಿ. "ಜಗಳ ಆಡಿದ ವಾರ ಬೇಕಾಗುತ್ತೆ."

ಶನಿವಾರ ಸಂಜೆ ಆರಕ್ಕೆ ಟಾರ್ಮೊ ಅಂಗಳದಲ್ಲಿ ಮಂಡಿಯೂರಿ, ಒಂದೇ ಜಾತಿಯ ನಾಲ್ಕು ಚಕ್ರ ಹಾಕಲು ಕೂತಿದ್ದ. ಯಾವ ಜಾತಿ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ, ಪೆಂಟ್ಟಿಯಿಂದ ತಂದ ಎರಡೂ ಜಾತಿಯವು ಪಕ್ಕದಲ್ಲಿದ್ದವು. ನೆಲಮಾಳಿಗೆಯ ಗಾಳಿಕಿಂಡಿಯಿಂದ ಉಗಿ ಬರುತ್ತಿತ್ತು. ಉಗಿಯ ಜೊತೆಗೇ ದನಿಗಳು.

"ಮೊಳೆ ಅಂದ್ರೆ ಮೊಳೆನೇ!"

"ರಸ್ತೆ ಕೆರೆಯೋ ರಾಕ್ಷಸ ನೀನು! ಮೆತ್ತೆ!"

"ಮೊಳೆ!"

"ಮೆತ್ತೆ!"

ಟಾರ್ಮೊನ ಕಿವಿ ಮೊಲದ ಕಿವಿಯಂತೆ ನೆಟ್ಟಗಾಯಿತು. ಸ್ಪ್ಯಾನರ್ ಕೆಳಗಿಟ್ಟು ಎದ್ದ. ಟವೆಲು ಎರಡನೇ ಮಹಡಿಯಲ್ಲಿ, ಬಾಗಿಲ ಹಿಂದೆಯೇ ಇದೆ. ಇನ್ನೊಂದು ಮಾತು, ಇನ್ನೊಂದೇ ಒಂದು ಬೈಗುಳ...

ಕಾದ ಕಲ್ಲಿನ ಮೇಲೆ ಚುಂಯ್ ಎಂದು ನೀರು ಬಿತ್ತು. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಗುವ ಸದ್ದು. ಕಿಂಡಿಯ ಬಳಿ ಲೆಂಪಿಯ ದನಿ ಬಂತು:

"ಏ ಹುಡುಗ! ಯಾವುದು ಹಾಕ್ತಾ ಇದೀಯ?"

ಟಾರ್ಮೊ ಸ್ಪ್ಯಾನರನ್ನು ಹಿಮದಲ್ಲಿ ನೆಟ್ಟು, ಕಾಲರ್ ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದ. ಅವನ ಮಂಗಳವಾರಕ್ಕೆ ಇನ್ನೂ ಮೂರು ದಿನವಿತ್ತು.