ಇತ್ತೀಚಿನ ನನ್ನ ವಿದ್ವತ್ ಸಾಧನೆ

ನಮ್ಮಂಥ ಕಾನೂನು ಮೇಷ್ಟ್ರುಗಳಿಗೆ ಒಂದು ವಿಶೇಷ ಧೈರ್ಯವಿದೆ: ಬರೆದದ್ದನ್ನು ಯಾರೂ ಓದುವುದಿಲ್ಲವೆಂಬ ಧೈರ್ಯ. ಸರ್ಜಾಪುರ ರಸ್ತೆಯ ಖಾಸಗಿ ಕಾಲೇಜೊಂದರಲ್ಲಿ ಪಾಠ ಮಾಡುವ ನಾನೂ ಹಾಗೆ ನಿರ್ಭಯವಾಗಿ ಬರೆದುಕೊಂಡು ಬಂದವನೇ. ನಮ್ಮಲ್ಲಿ ಸೆಮಿಸ್ಟರಿಗೊಮ್ಮೆ ಅಧ್ಯಾಪಕರ ವಿದ್ವತ್ ಸಾಧನೆಗಳ ಸಂಚಿಕೆಯೊಂದು ಹೊರಡುತ್ತದೆ. ಹೋದ ಸಲ ಸಹೋದ್ಯೋಗಿಯೊಬ್ಬರು ಅದಕ್ಕಾಗಿ ಅಂತರರಾಷ್ಟ್ರೀಯ ಸಮ್ಮೇಳನವನ್ನೇ ನಡೆಸಿದರು, ಕಠ್ಮಂಡುವಿನಿಂದ ಒಬ್ಬರು ಆನ್‌ಲೈನಿನಲ್ಲಿ ಬಂದು, "ನನ್ನ ಧ್ವನಿ ಕೇಳಿಸುತ್ತಿದೆಯೇ?" ಎಂದು ಕೇಳಿ ಮಾಯವಾಗಿದ್ದರು. ನನ್ನ ಪಾಲಿನ ಸಾಧನೆ, ದುಡಿಯುವ ಹೆಂಗಸರ ಹೆರಿಗೆ ಸೌಲಭ್ಯದ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಇಪ್ಪತ್ತು ಪುಟಗಳ ಪ್ರಬಂಧ.

ಅದು ಅಚ್ಚಾದ ವಾರ, ಸ್ಟಾಫ್ ರೂಮು ಗುಡಿಸುವ ರೇಣುಕಮ್ಮ ಪೊರಕೆಯನ್ನು ಗೋಡೆಗೊರಗಿಸಿ ನನ್ನೆದುರು ನಿಂತರು. ರಾಯಚೂರಿನ ಕಡೆಯವರು, ಬೊಮ್ಮನಹಳ್ಳಿಯಲ್ಲಿ ಬಾಡಿಗೆ ಕೋಣೆ.

"ಸರ, ಬಸುರಿ ಹೆಣ್ಮಕ್ಕಳ ಮ್ಯಾಲೆ ಏನೋ ಬರದೀರಂತಲ್ರೀ. ನನ್ನ ಸೊಸಿ ಗಾರ್ಮೆಂಟ್ಸಿಗೆ ಹೋಗ್ತಾಳ. ಈಗ ಐದು ತಿಂಗಳು. ರಾಜೀನಾಮಿ ಬರದು ಕೊಡು ಅಂತ ಸೂಪರ್‌ವೈಸರ್ ಬೆನ್ನು ಹತ್ಯಾನ."

ನಾನು ಸಂವಿಧಾನದಿಂದ ಶುರು ಮಾಡಿದೆ. ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಬರುವಷ್ಟರಲ್ಲಿ ಅವರು ತಡೆದರು. "ಅದೆಲ್ಲ ಖರೇರಿ. ನಾಳೆ ಆಕಿ ಸಹಿ ಮಾಡ್ಬೇಕೋ ಬ್ಯಾಡೋ?"

"ಬೇಡ" ಎಂದೆ. ನನ್ನ ಪ್ರಬಂಧದಲ್ಲಿ ಇಷ್ಟು ಚಿಕ್ಕ ವಾಕ್ಯ ಒಂದೂ ಇರಲಿಲ್ಲ.

"ಹಂಗಾರ ಒಂದು ಅರ್ಜಿ ಬರದು ಕೊಡ್ರಿ."

ಮ್ಯಾನೇಜರಿಗೆ ಕನ್ನಡದಲ್ಲಿ ಅರ್ಜಿ ಬರೆಯಲು ಕೂತೆ. ಬೆವರು ಕಿತ್ತುಕೊಂಡು ಬಂತು. ಓದಿ ಹೇಳುವಾಗ 'ತದನ್ವಯ' ಎಂಬಲ್ಲಿ ರೇಣುಕಮ್ಮ "ಇದ್ಯಾರ್ರೀ?" ಎಂದರು. ಹೊಡೆದುಹಾಕಿದೆ. ಕೊನೆಗೆ ಉಳಿದದ್ದು ಅರ್ಧ ಪುಟ: ನಾನು ಬಸುರಿ, ಬಸುರಿಯೆಂದು ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ, ರಾಜೀನಾಮೆ ಕೊಡುವುದಿಲ್ಲ, ಇದರ ಪ್ರತಿ ಕಾರ್ಮಿಕ ಇಲಾಖೆಗೂ ಹೋಗಿದೆ.

ಮ್ಯಾನೇಜರ್ ಅದನ್ನು ನಿಂತಲ್ಲೇ ಎರಡು ಸಲ ಓದಿದರಂತೆ. ಸೊಸೆಯ ಕೆಲಸ ಉಳಿಯಿತು, ಹೆರಿಗೆ ರಜೆಯೂ ಸಿಕ್ಕಿತು. ನಾನು ಬರೆದದ್ದನ್ನು ಎರಡು ಸಲ ಓದಿದ ಮೊದಲ ಮನುಷ್ಯ ಆತ! ಹಿಗ್ಗಿಹೋಗಿ, ಮುಂದಿನ ಸಂಚಿಕೆಗೆ ಆ ಅರ್ಜಿಯನ್ನೇ ನನ್ನ ಸಾಧನೆಯೆಂದು ಕೊಟ್ಟೆ. ಪ್ರಿನ್ಸಿಪಾಲರು ತಿರುಗಿಸಿ ಮುರುಗಿಸಿ ನೋಡಿ, "ಒಳ್ಳೇ ಕೆಲಸ ಕಣ್ರೀ, ಆದ್ರೆ ಇದ್ರಲ್ಲಿ ಒಂದು ಫುಟ್‌ನೋಟೂ ಇಲ್ವಲ್ಲ!" ಎಂದರು.

ಅವರನ್ನು ಮನಸಾರೆ ಬೈದುಕೊಂಡು ಮನೆಗೆ ಹೋದ ನಾನು ಮಾಡಿದ್ದೇನು? ಆ ಅರ್ಧ ಪುಟವನ್ನು ಇಂಗ್ಲಿಷಿನಲ್ಲಿ ಮೂವತ್ತು ಪುಟಕ್ಕೆ ಹಿಂಜಿದೆ. ಸಾರಾಂಶದ ಸಮೇತ ನನ್ನ ಫೋಟೋ ನೋಟಿಸ್ ಬೋರ್ಡಿಗೆ ಏರಿತು. ಅದರ ಗಾಜು ಒರೆಸುತ್ತಿದ್ದ ರೇಣುಕಮ್ಮ, "ಸರ, ಇದ್ರಾಗ ಏನೈತ್ರೀ?" ಎಂದರು.

"ನಿಮ್ಮ ಸೊಸೆ ವಿಷಯಾನೇ."

"ಹೌದಾ! ಓದಿ ಹೇಳ್ರಲ್ಲ."

ಮೊದಲ ವಾಕ್ಯ ಓದಿ, ಕನ್ನಡದಲ್ಲಿ ಹೇಳಲು ಬಾಯಿ ತೆರೆದೆ. ಅಷ್ಟುದ್ದದ ವಾಕ್ಯದಲ್ಲಿ ಆ ಹುಡುಗಿ ಎಲ್ಲಿದ್ದಾಳೆಂದು ನನಗೇ ಗೊತ್ತಾಗಲಿಲ್ಲ. "ಕ್ಲಾಸಿಗೆ ಹೊತ್ತಾಯ್ತು ರೇಣುಕಮ್ಮ" ಎಂದು ಅಲ್ಲಿಂದ ಕಾಲ್ತೆಗೆದೆ.